ತೂಕ ನೋಡುವಾಗ ಮನಸ್ಸನ್ನೂ ವಿಚಾರಿಸಿ

ಇಬ್ರಾಹಿಂಪುರದ ಓಣಿಯಲ್ಲಾಗಲಿ, ವಿಜಯಪುರದ ಪೇಟೆಯಲ್ಲಾಗಲಿ, ದಪ್ಪಗಿರುವವರಿಗೆ ಸಿಗುವ ಬುದ್ಧಿವಾದ ಒಂದೇ: ಬಾಯಿ ಕಟ್ಟು, ಮೈ ಬಗ್ಗಿಸು. ಮಂಕಾಗಿ ಕೂತವರಿಗೂ ಅಷ್ಟೇ: ಮನಸ್ಸು ಗಟ್ಟಿ ಮಾಡಿಕೋ. ಈ ಎರಡೂ ಮಾತುಗಳು ತೂಕಕ್ಕೂ ಮನಸ್ಸಿಗೂ ದೇಹದೊಳಗಿರುವ ನಂಟನ್ನು ಮರೆಯುತ್ತವೆ. ಹಲವು ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬೊಜ್ಜಿರುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಶೇ. 55ರಷ್ಟು ಹೆಚ್ಚು, ಖಿನ್ನರಾದವರಿಗೆ ಬೊಜ್ಜು ಬರುವ ಸಂಭವ ಶೇ. 58ರಷ್ಟು ಹೆಚ್ಚು. ಹೊಟ್ಟೆಯ ಕೊಬ್ಬು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಮನಸ್ಸಿನ ಸ್ಥಿತಿಗೆ ನಂಟಿರುವ ಸೆರೊಟೋನಿನ್ ತಯಾರಿಗೆ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಂಶವನ್ನು ಅವು ಬೇರೆ ದಾರಿಗೆ ತಿರುಗಿಸಬಲ್ಲವು. ಬೊಜ್ಜಿರುವ ಹಲವರಲ್ಲಿ ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನು ಬೇಕಾದಷ್ಟಿದ್ದರೂ ಮಿದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಇತ್ತ ಖಿನ್ನತೆಯಲ್ಲಿ ಹಲವರಿಗೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿ, ಹೊಟ್ಟೆಯ ಸುತ್ತಲೇ ಕೊಬ್ಬು ಸೇರುತ್ತದೆ, ನಿದ್ದೆಯೂ ಕೆಡುತ್ತದೆ.

ದಪ್ಪಗಿದ್ದೂ ನೆಮ್ಮದಿಯಾಗಿರುವವರು ಇಲ್ಲವೇ ಎಂದು ಕೇಳಬಹುದು. ಖಂಡಿತ ಇದ್ದಾರೆ; ಸಂಭವ ಹೆಚ್ಚಿದೆ ಎಂದ ಮಾತ್ರಕ್ಕೆ ಬಂದೇ ತೀರುತ್ತದೆ ಎಂದಲ್ಲ. ದಪ್ಪಗಿರುವವರ ಖಿನ್ನತೆಗೆ ಜನರ ಹೀಯಾಳಿಕೆಯೇ ಕಾರಣ ಎನ್ನುವುದರಲ್ಲೂ ಸತ್ಯವಿದೆ, ಆದರೆ ಆ ಅವಮಾನವೂ ಒತ್ತಡದ ಹಾರ್ಮೋನುಗಳನ್ನು ಏರಿಸುತ್ತದೆ. ಖಿನ್ನತೆಯ ಮಾತ್ರೆಯಿಂದಲೇ ತೂಕ ಹೆಚ್ಚುತ್ತದಲ್ಲ ಎಂಬ ಅಳುಕು ಇನ್ನೂ ಗಂಭೀರ. ಕೆಲವು ಮಾತ್ರೆಗಳಿಂದ ಹೆಚ್ಚುವುದು ನಿಜ, ಎಲ್ಲವುಗಳಿಂದಲ್ಲ. ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ. ದಿನದ ಬಿರುಸು ನಡಿಗೆ ತೂಕ, ಮನಸ್ಸು ಎರಡಕ್ಕೂ ಒಳ್ಳೆಯದು. ಮನೆಯವರೇ, ದಯವಿಟ್ಟು ಊಟದ ತಾಟಿನ ಮುಂದೆ ಯಾರನ್ನೂ ಹಂಗಿಸಬೇಡಿ. ಬೇಸರ ಎರಡು ವಾರ ಬಿಡದೆ ಕಾಡಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.