‘ಗೊತ್ತಿಲ್ಲ’ ಎನ್ನಲು ಹೆದರಬೇಡಿ, ಟೀಚರ್

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಎಲ್‌ಕೆಜಿ ಟೀಚರ್ ಆಗಿದ್ದೇನೆ. ಯಾವ ದಿನ ಯಾವ ಪಾಠ, ಏನು ಕೇಳಬೇಕು, ಮಗು ಏನು ಹೇಳಬೇಕು ಎಲ್ಲವೂ ಗೈಡಿನಲ್ಲೇ ಇರುತ್ತಿತ್ತು. ಈ ವರ್ಷ ಗೈಡ್ ಬಿಟ್ಟು, ಮಕ್ಕಳ ಕುತೂಹಲದಿಂದಲೇ ಪಾಠ ಶುರು ಮಾಡಿ ಎಂದಿದ್ದಾರೆ. ಕ್ಲಾಸಿನಲ್ಲಿ ಬರೀ ಗದ್ದಲ. ಪೋಷಕರು ‘ಹೋಮ್‌ವರ್ಕ್ ಎಲ್ಲಿ?’ ಎನ್ನುತ್ತಾರೆ. ರಾತ್ರಿ ನಿದ್ದೆಯಿಲ್ಲ. ನನಗೆ ಕಲಿಸಲು ಬರುವುದೇ ಇಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ಇಷ್ಟು ವರ್ಷ ನೆಚ್ಚಿಕೊಂಡದ್ದನ್ನು ಒಮ್ಮೆಲೇ ಬಿಡಿ ಎಂದರೆ ಯಾರಿಗಾದರೂ ಎದೆ ನಡುಗುತ್ತದೆ. ನಿಮ್ಮಂಥ ಎಷ್ಟೋ ಟೀಚರುಗಳು ಇದೇ ದಿಗಿಲಿನಲ್ಲಿದ್ದಾರೆ. ಹೇಳಿಕೊಳ್ಳುವವರು ಕಡಿಮೆ, ಅಷ್ಟೇ.

ಆದರೆ ಒಂದು ಮಾತು. ಯಾವ ಮಗು ತಿಂಡಿ ತಿನ್ನದೆ ಬಂದಿದೆ, ಯಾರು ಅರ್ಥವಾಗದೆ ಸುಮ್ಮನೆ ತಲೆಯಾಡಿಸುತ್ತಿದ್ದಾರೆ ಎಂದು ಗುರುತಿಸುತ್ತಿದ್ದವರು ನೀವೇ ತಾನೇ? ಅದು ಗೈಡಿನಲ್ಲಿ ಇರಲಿಲ್ಲ. ಈಗ ಬೇಕಿರುವುದೂ ಅದೇ ಕಣ್ಣು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದಾಗ ಅದನ್ನು ರೂಪಿಸಿದವರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೂ ಇದ್ದರು, ಪಾಠ ಮಾಡಿಯೇ ಪಳಗಿದ ಕೈಗಳು.

ಗೈಡನ್ನು ಪೂರ್ತಿ ಎತ್ತಿಡಬೇಡಿ. ದಿನಕ್ಕೆ ಅರ್ಧ ಗಂಟೆ ಮಾತ್ರ ಮಕ್ಕಳ ಪ್ರಶ್ನೆಗೆ ಬಿಡಿ, ಉಳಿದದ್ದು ಮೊದಲಿನಂತೆ ನಡೆಯಲಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ. ಆ ಅರ್ಧ ಗಂಟೆ ಹೇಗಿರಬಹುದು? ಟಿಫಿನ್ ಹೊತ್ತಿನಲ್ಲಿ ಗೋಡೆಯಂಚಿಗೆ ಇರುವೆ ಸಾಲು ಕಂಡು ಒಬ್ಬಳು ‘ಇವು ಎಲ್ಲಿಗೆ ಹೋಗ್ತಾವೆ ಮಿಸ್?’ ಎನ್ನುತ್ತಾಳೆ. ‘ನಂಗೂ ಗೊತ್ತಿಲ್ಲ, ನೋಡೋಣ ಬಾ’ ಎನ್ನಿ. ಸ್ವಲ್ಪ ದೂರದಲ್ಲಿ ಒಂದು ಚೂರು ಬೆಲ್ಲ, ಚಿಟಿಕೆ ಉಪ್ಪು, ನಾಲ್ಕು ಕಾಳು ಅಕ್ಕಿ ಇಡಿ. ಯಾವುದಕ್ಕೆ ಮುತ್ತುತ್ತವೆ ಎಂದು ಮೊದಲೇ ಕೇಳಿ. ಒಬ್ಬೊಬ್ಬರದು ಒಂದೊಂದು ಊಹೆ. ಕಾಯುತ್ತಾರೆ, ಎಣಿಸುತ್ತಾರೆ, ವಾದ ಮಾಡುತ್ತಾರೆ, ಆಮೇಲೆ ಚಿತ್ರ ಬರೆಯುತ್ತಾರೆ. ಗಣಿತ, ಭಾಷೆ, ಪರಿಸರ ಮೂರೂ ಅಲ್ಲೇ ಬಂದವು. (ಕಚ್ಚುವ ಕೆಂಪಿರುವೆಯಾದರೆ ದೂರದಿಂದಲೇ ನೋಡಲಿ.) ಇಂಥ ಹೊತ್ತಿನ ಗದ್ದಲಕ್ಕೆ ಅಂಜಬೇಡಿ, ಆ ಸದ್ದಿನೊಳಗೆ ಏನು ಮಾತಾಡುತ್ತಿದ್ದಾರೆ ಎಂದು ಕಿವಿಗೊಡಿ.

ಪೋಷಕರ ಆತಂಕವೂ ಮಕ್ಕಳ ಮೇಲಿನ ಅಕ್ಕರೆಯಿಂದಲೇ ಬಂದದ್ದು. ಮಗು ಹೇಳಿದ ಮಾತನ್ನು ಅದರ ಚಿತ್ರದ ಕೆಳಗೆ ಬರೆದು, ತಾರೀಖು ಹಾಕಿ ಮನೆಗೆ ಕಳಿಸಿ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಕಲಿಕೆಯ ದಾರಿ ಎಂದಿದೆ ಎಂಬುದನ್ನೂ ಪೋಷಕರ ಸಭೆಯಲ್ಲಿ ಹೇಳಿ.

ಪಕ್ಕದ ಸೆಕ್ಷನ್ನಿನ ಟೀಚರ್ ಜೊತೆ ವಾರಕ್ಕೊಮ್ಮೆ ಕೂತು ಮಾತಾಡಿ. ತರಬೇತಿ ಕೊಡದೆ ಕಲಿಸುವ ರೀತಿ ಬದಲಾಯಿಸಿ ಎಂದಿದ್ದರೆ, ತರಬೇತಿ ಕೇಳುವುದು ನಿಮ್ಮ ಹಕ್ಕು. ನಿದ್ದೆಯ ತೊಂದರೆ ಮಾತ್ರ ಎರಡು ವಾರ ಮೀರಿದರೆ ತಡ ಮಾಡಬೇಡಿ: ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.