ಅಂಗಳದ ಕೋಳಿಯಿಂದ ಮಕ್ಕಳಿಗೆ ವಿಕಾಸದ ಪಾಠ

"ಕೋಳಿಗೆ ರೆಕ್ಕೆ ಏಕೆ ಬಂತು?" ಎಂದು ಮಕ್ಕಳು ಕೇಳಿದರೆ, "ಹಾರಬೇಕೆಂದು ಬಂತು" ಎಂದು ಹಿರಿಯರು ಹೇಳಿಬಿಡುವುದುಂಟು. ಉತ್ತರ ಸುಲಭವಾದದ್ದು; ಆದರೆ ತಪ್ಪು. ಸರಿಯಾದ ಉತ್ತರಕ್ಕೆ ಬೇಕಾದ ಪಾಠೋಪಕರಣಗಳು ರೈತನ ಮನೆಯಲ್ಲೇ ಇವೆ.

ಮೊದಲು ನೋಡಲು ಕಲಿಸಿರಿ

ಕೋಳಿಯ ಕಾಲನ್ನು ಮಗುವಿಗೆ ತೋರಿಸಿರಿ. ಅದರ ಮೇಲೆ ಓತಿಕ್ಯಾತನ ಮೈಮೇಲಿರುವಂತಹ ಹುರುಪೆಗಳಿವೆ. ಹಿಂದಕ್ಕೆ ಬಾಗಿದಂತೆ ಕಾಣುವ ಕೀಲು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ಕೋಳಿ ನಡೆಯುವುದು ಬೆರಳುಗಳ ಮೇಲೆ.

ಕೋಳಿ ಅಡಿಗೆ ಮಾಡುವ ಮನೆಗಳಲ್ಲಿ ರೆಕ್ಕೆಯ ಮೂಳೆಗಳನ್ನು ತೊಳೆದು ಸಾಲಾಗಿ ಜೋಡಿಸಬಹುದು. ತೋಳಿಗೆ ಒಂದು, ಮುಂಗೈಗೆ ಎರಡು, ತುದಿಯಲ್ಲಿ ಮೂರು ಬೆರಳುಗಳ ಗುರುತು. ಮಗು ತನ್ನ ಕೈಯನ್ನು ಪಕ್ಕದಲ್ಲಿಟ್ಟು ಹೋಲಿಸಲಿ. ರೆಕ್ಕೆ ಎಂಬುದು ಹೊಸ ಅಂಗವಲ್ಲ, ಮಾರ್ಪಾಟು ಹೊಂದಿದ ಮುಂಗಾಲು ಎಂಬುದು ತಾನಾಗಿಯೇ ತಿಳಿಯುತ್ತದೆ. ತೋಳಿನ ಮೂಳೆಯನ್ನು ಮುರಿದರೆ ಒಳಗೆ ಟೊಳ್ಳು. ಕಾಲಿನ ಮೂಳೆಯಲ್ಲಿ ಮಜ್ಜೆ. ಎದೆಯ ಮೂಳೆ ದೋಣಿಯ ತಳದಂತೆ ಏಣಾಗಿ ಎದ್ದಿರುತ್ತದೆ. ರೆಕ್ಕೆ ಬಡಿಯುವ ಸ್ನಾಯುಗಳು ಅದಕ್ಕೆ ಅಂಟಿಕೊಂಡಿರುತ್ತವೆ.

ಕಲ್ಲಿನಲ್ಲಿ ಉಳಿದ ಸಾಕ್ಷ್ಯ

1861ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಸುಣ್ಣಕಲ್ಲಿನಲ್ಲಿ ಸುಮಾರು 15 ಕೋಟಿ ವರ್ಷ ಹಿಂದಿನ ಆರ್ಕಿಯಾಪ್ಟೆರಿಕ್ಸ್ ಎಂಬ ಪ್ರಾಣಿಯ ಪಳೆಯುಳಿಕೆ ದೊರೆಯಿತು. ಅದಕ್ಕೆ ಹಕ್ಕಿಯಂತೆ ಗರಿಗಳಿದ್ದವು. ಜೊತೆಗೆ ಹಲ್ಲು, ಮೂಳೆಯ ಉದ್ದ ಬಾಲ ಮತ್ತು ರೆಕ್ಕೆಯ ಬೆರಳುಗಳಲ್ಲಿ ಉಗುರುಗಳೂ ಇದ್ದವು. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತದಿಂದ, ಹಾರಲಾರದ ಸಣ್ಣ ಡೈನೋಸಾರ್ ಒಂದರ ಮೈಮೇಲೆ ಎಳೆಯಂತಹ ಪುಕ್ಕಗಳಿದ್ದುದು ಬೆಳಕಿಗೆ ಬಂದಿತು. ಇಂತಹ ಸಾಕ್ಷ್ಯಗಳಿಂದ, ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲೆಂದೂ, ಪುಕ್ಕ ಹಾರಾಟಕ್ಕಿಂತ ಮೊದಲೇ ಬಂದಿತೆಂದೂ ತಿಳಿದುಬಂದಿದೆ. ಮೊದಲು ಅದು ಮೈಯನ್ನು ಬೆಚ್ಚಗಿಡಲು ಒದಗಿರಬಹುದು.

15 ಕೋಟಿ ವರ್ಷ ಎಂದರೆ ಎಷ್ಟು? ವರ್ಷಕ್ಕೆ ಒಂದು ಮಿಲಿಮೀಟರ್‌ನಂತೆ ಅಳೆದರೆ 150 ಕಿಲೋಮೀಟರ್. ಸರಿಸುಮಾರು ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟು ದೂರ. ಮನುಷ್ಯ ಬೇಸಾಯ ಕಲಿತು ಕಳೆದ ಸುಮಾರು 10,000 ವರ್ಷ ಇದೇ ಅಳತೆಯಲ್ಲಿ ಕೇವಲ 10 ಮೀಟರ್.

ಬದಲಾವಣೆ ಹೇಗಾಯಿತು?

ರಾಗಿ ಹೊಲದಲ್ಲಿ ಎಲ್ಲ ತೆನೆಗಳೂ ಒಂದೇ ಸಮನಾಗಿರುವುದಿಲ್ಲ. ರೈತನು ಒಳ್ಳೆಯ ತೆನೆಗಳನ್ನು ಆರಿಸಿ ಬೀಜಕ್ಕಿಡುತ್ತಾನೆ. ಹೀಗೆ ವರ್ಷವರ್ಷವೂ ಆರಿಸುತ್ತ ಬಂದರೆ ಬೆಳೆಯ ಗುಣ ಬದಲಾಗುತ್ತದೆ. ಯಾವ ತೆನೆಯೂ ತಾನಾಗಿ ಪ್ರಯತ್ನಪಟ್ಟು ದಪ್ಪನಾಗಲಿಲ್ಲ. ನಿಸರ್ಗದಲ್ಲಿ ಆರಿಸುವ ರೈತನಿಲ್ಲ. ಚಳಿ, ಹಸಿವು, ಶತ್ರುಗಳು ಆ ಕೆಲಸ ಮಾಡುತ್ತವೆ. ಹುಟ್ಟಿನಿಂದಲೇ ಅನುಕೂಲ ಗುಣವುಳ್ಳವು ಹೆಚ್ಚಾಗಿ ಬದುಕಿ ಮರಿ ಮಾಡುತ್ತವೆ. ಆ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ.

ರೈತನಿಗೂ ಬೇಕಾದ ಪಾಠ

"ಹುಳು ಔಷಧಿಗೆ ಒಗ್ಗಿಹೋಗಿದೆ" ಎಂಬ ಮಾತಿನಲ್ಲಿಯೂ ಇದೇ ತಪ್ಪು ಅಡಗಿದೆ. ಒಂದು ಹುಳು ಔಷಧಿ ತಿಂದು ತಿಂದು ಗಟ್ಟಿಯಾಗುವುದಿಲ್ಲ. ಸಾವಿರಾರು ಹುಳುಗಳಲ್ಲಿ ಹುಟ್ಟಿನಿಂದಲೇ ತಡೆಯುವ ಶಕ್ತಿ ಇದ್ದ ಕೆಲವು ಉಳಿದು ಸಂತತಿ ಬೆಳೆಸುತ್ತವೆ. ಬಿಟಿ ಹತ್ತಿಯಲ್ಲಿನ ಒಂದು ವಿಷಕ್ಕೆ ಗುಲಾಬಿ ಕಾಯಿಕೊರಕದ ಹುಳು ನಿರೋಧಕತೆ ಪಡೆದಿರುವುದು ಗುಜರಾತಿನಿಂದ 2010ರಲ್ಲಿ ವರದಿಯಾದುದು ಈ ರೀತಿಯಲ್ಲೇ. ತಪ್ಪು ತಿಳಿದ ರೈತನು ಅದೇ ಔಷಧಿಯ ಪ್ರಮಾಣ ಹೆಚ್ಚಿಸುತ್ತಾನೆ. ಖರ್ಚು ಏರುತ್ತದೆ, ಗಟ್ಟಿ ಹುಳುಗಳೇ ಉಳಿಯುತ್ತವೆ. ಸರಿಯಾಗಿ ತಿಳಿದವನು ಬೇರೆ ಗುಂಪಿನ ಔಷಧಿಗೆ ಬದಲಾಯಿಸುತ್ತಾನೆ. ಹತ್ತಿಯ ಸುತ್ತ ಬಿಟಿ ಅಲ್ಲದ ಸಾಲುಗಳನ್ನು ಬಿಡಲು ಮರೆಯುವುದಿಲ್ಲ.

ಆದುದರಿಂದ ವಿಸ್ತರಣಾ ಕಾರ್ಯಕರ್ತರು ಶಾಲೆಗಳಿಗೆ ಹೋದಾಗ ಒಂದು ಕೋಳಿಯ ರೆಕ್ಕೆ ಮತ್ತು ನಾಲ್ಕು ರಾಗಿ ತೆನೆಗಳನ್ನು ಜೊತೆಗೆ ಒಯ್ಯುವುದು ಒಳ್ಳೆಯದು. "ಬೇಕೆಂದು ಬರಲಿಲ್ಲ, ಇದ್ದುದರಲ್ಲಿ ಅನುಕೂಲವಾದದ್ದು ಉಳಿಯಿತು" ಎಂಬುದನ್ನು ಇಂದು ಕೋಳಿಯಿಂದ ಕಲಿತ ಮಗು, ನಾಳೆ ತನ್ನ ಹೊಲದ ಹುಳುವನ್ನೂ ಸರಿಯಾಗಿ ಅರಿತೀತು.