ಗಿಟಾರಿನ ಬೆನ್ನಿಗೆ ಯಾವ ಮರ?

ಪ್ರಶ್ನೆ: ಮಗಳು ಎರಡು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾಳೆ. ಪಿಯುಸಿ ಮುಗಿಯಿತು, ಒಳ್ಳೆಯದೊಂದು ಕೊಡಿಸೋಣವೆಂದು ಅಂಗಡಿಗೆ ಹೋದೆವು. ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ತೋರಿಸಿದರು. ಒಂದಕ್ಕೆ ಮೈಯೆಲ್ಲ ಹವಾಯಿಯ ಕೋವಾ ಮರ, ರೇಷ್ಮೆ ಸೀರೆಯ ಹಾಗೆ ಹೊಳೆಯುತ್ತದೆ. ಇನ್ನೊಂದರ ಮುಂಭಾಗ ಬಿಳಿಚು ಸ್ಪ್ರೂಸ್, ಹಿಂದೆ ಮಹಾಗನಿ. ಮಗಳಿಗೆ ಕೋವಾ ಹಿಡಿಸಿದೆ. ಅದು ಬರೀ ಪ್ಲೈವುಡ್ ಎಂದು ಪಕ್ಕದಲ್ಲಿದ್ದವರು ಹೇಳಿದರು. ನಿಜವೇ ಸರ್?
- ಓದುಗರು, ಮೈಸೂರು

ಉತ್ತರ: ಇನ್ನೊಮ್ಮೆ ಅಂಗಡಿಗೆ ಹೋಗಿ, ಮೊಬೈಲ್ ಟಾರ್ಚ್ ಹಾಕಿ ಸೌಂಡ್‌ಹೋಲ್‌ನ ಅಂಚು ನೋಡಿ. ಮುಂಭಾಗದ ಮೇಲಿನ ಎಳೆಗಳು ಅಂಚಿನಲ್ಲಿ ಹಾಗೆಯೇ ಕೆಳಗಿಳಿದಿದ್ದರೆ ಅದು ಇಡೀ ಹಲಗೆ, ಅಂದರೆ ಸಾಲಿಡ್. ಒಂದರ ಮೇಲೊಂದು ಪದರ ಕಂಡರೆ ಪ್ಲೈ. ಬೆನ್ನಿಗೂ ಇಂಥದೇ ಪರೀಕ್ಷೆ ಉಂಟು: ಹೊರಗೆ ಎದ್ದು ಕಾಣುವ ಒಂದು ಕಪ್ಪು ಗೀರನ್ನು ಗುರುತಿಟ್ಟುಕೊಂಡು, ಒಳಗೂ ಅದೇ ಜಾಗದಲ್ಲಿ ಅದು ಇದೆಯೇ ಎಂದು ಹುಡುಕಿ. ಕೋವಾ ಹವಾಯಿ ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯದ ಮರ. ಅದರ ಇಡೀ ಹಲಗೆಯ ಗಿಟಾರ್ ಕಲಿಯುವವರ ಬೆಲೆಗೆ ಸಿಗುವುದಿಲ್ಲ. ನೀವು ನೋಡಿದ್ದು ಸಾದಾ ಮರದ ಮೇಲೆ ಅಂಟಿಸಿದ ಕೋವಾದ ತೆಳು ಪದರವೇ ಇರಬೇಕು.

ಹಾಗಂತ ಪ್ಲೈ ಎಂದ ಕೂಡಲೇ ಮೂಗು ಮುರಿಯಬೇಡಿ. ಅದು ಎಲ್ಲಿದೆ ಎನ್ನುವುದು ಮುಖ್ಯ. ತಂತಿಯ ಕಂಪನ ಬ್ರಿಜ್ ದಾಟಿ ಮುಂಭಾಗದ ಹಲಗೆಗೆ ಇಳಿಯುತ್ತದೆ, ಗಾಳಿಯನ್ನು ಅಲುಗಿಸುವ ದೊಡ್ಡ ಕೆಲಸ ಅದರದ್ದೇ. ಸ್ಪ್ರೂಸ್ ಹಗುರ, ಆದರೆ ಉದ್ದಕ್ಕೆ ಬಲು ಬಿಗಿ. ಅದಕ್ಕೇ ಸಣ್ಣ ಮೀಟಿಗೂ ಓಗೊಡುತ್ತದೆ. ಪ್ಲೈನಲ್ಲಿ ಪದರಗಳ ಎಳೆ ಅಡ್ಡಡ್ಡ ಕೂರುತ್ತದೆ, ನಡುವೆ ಅಂಟು ಬೇರೆ. ಮುಂಭಾಗ ಹೀಗಿದ್ದರೆ ನಾದ ಬೇಗ ಸತ್ತುಹೋಗುತ್ತದೆ.

ಬೆನ್ನಿನ ಕಥೆ ಬೇರೆ. ಸ್ಪೇನಿನ ಆಂಟೊನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ, ಮುಂಭಾಗಕ್ಕೆ ಮಾತ್ರ ಒಳ್ಳೆಯ ಸ್ಪ್ರೂಸ್ ಹಾಕಿದ. ನಾದದ ಗುಟ್ಟು ಮುಂಭಾಗದಲ್ಲಿದೆ ಎಂದು ತೋರಿಸುವುದಕ್ಕೆ! ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮುಂದೆ ಹೋದರು. ಬೆನ್ನು, ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದುದೆಲ್ಲ ಒಂದೇ ಥರದ 6 ಗಿಟಾರ್ ಮಾಡಿಸಿ, ಮರ ಕಾಣದಂತೆ ಮಾಡಿ 52 ಜನರ ಕೈಗೆ ಕೊಟ್ಟರು. ಬ್ರೆಜಿಲಿಯನ್ ರೋಸ್‌ವುಡ್ಡಿಗೂ ಅಗ್ಗದ ಸಪೆಲಿಗೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ. ಪ್ಯಾರಿಸ್ಸಿನ ಸೆಲ್ಮರ್ ಗಿಟಾರುಗಳ ಬೆನ್ನು ಪದರದ್ದೇ, ಜಾಝ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ತನ್ನ ಬಹುಪಾಲು ಸಂಗೀತ ನುಡಿಸಿದ್ದು ಅವುಗಳಲ್ಲಿ.

ಸ್ಪ್ರೂಸ್ ಮುಂಭಾಗ ಸಾಲಿಡ್ ಎಂದು ಖಾತ್ರಿಯಾದರೆ ಅದನ್ನೇ ಕೊಡಿಸಿ. ಬಿಲ್ ಮಾಡಿಸುವ ಮುಂಚೆ ಮಗಳು ಗಿಟಾರಿಗೆ ಬೆನ್ನು ಮಾಡಿ ನಿಲ್ಲಲಿ, ಬೇರೆ ಯಾರಾದರೂ ಎರಡನ್ನೂ ನುಡಿಸಲಿ. ಅವಳ ಕಿವಿಯೇ ಆರಿಸುತ್ತದೆ.

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆಯ ಬೀಟೆ ಮರ ಈ ಮಳೆಗಾಲದಲ್ಲಿ ಬಿದ್ದಿದೆ. ವಿದೇಶದ ಗಿಟಾರುಗಳಿಗೆ ಇದೇ ಮರವಂತೆ. ಮಗನಿಗೆ ಒಂದು ಮಾಡಿಸಬಹುದೇ?
- ಓದುಗರು, ಮೂಡಿಗೆರೆ

ಉತ್ತರ: ಇದೇ ಮರ ಹೌದು. ಬ್ರೆಜಿಲಿನಿಂದ ರೋಸ್‌ವುಡ್ ದಿಮ್ಮಿ ಬರುವುದು ನಿಂತಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಇಂಡಿಯನ್ ರೋಸ್‌ವುಡ್ಡಿಗೆ ಹೊರಳಿತು. ಅದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಆದರೆ ಬಿದ್ದ ಮರವೇ ಆದರೂ ವಲಯ ಅರಣ್ಯಾಧಿಕಾರಿಗೆ ತಿಳಿಸಿ ಅನುಮತಿ ಪಡೆಯುವವರೆಗೆ ಗರಗಸ ತಾಗಿಸಬೇಡಿ. ಬೀಟೆ ಈಗ ಅಳಿವಿನ ಭೀತಿಯಲ್ಲಿರುವ ಮರಗಳ ಸಾಲಿನಲ್ಲಿದೆ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಹಸಿ ದಿಮ್ಮಿಗಲ್ಲ.

ಅನುಮತಿ ಬಂದ ಮೇಲೆ ಬಾಗಿಲು-ಚೌಕಟ್ಟು ಕೊಯ್ಯುವ ಹಾಗೆ ಕೊಯ್ಯಿಸಬೇಡಿ. ದಿಮ್ಮಿಯ ನಡುವಿನಿಂದ ತೊಗಟೆಯ ಕಡೆಗೆ, ಸೈಕಲ್ ಚಕ್ರದ ಕಡ್ಡಿಗಳ ದಿಕ್ಕಿನಲ್ಲಿ ಕೊಯ್ದರೆ ಹಲಗೆ ಕಡಿಮೆ ಸೊಟ್ಟಗಾಗುತ್ತದೆ. ತುದಿಗಳಿಗೆ ಮೇಣ ಬಳಿದು, ನಡುವೆ ಪಟ್ಟಿ ಇಟ್ಟು ಪೇರಿಸಿ ನೆರಳಲ್ಲಿ ವರ್ಷಗಟ್ಟಲೆ ಒಣಗಿಸಬೇಕು. ಗಿಟಾರಿನ ಬೆನ್ನು ಬೇಡುವುದು ಎರಡು, ಎರಡೂವರೆ ಮಿಲಿಮೀಟರ್ ದಪ್ಪದ ಹಲಗೆ ಅಷ್ಟೇ. ಒಂದೇ ಮರ ಎಷ್ಟೋ ವಾದ್ಯಗಳಿಗೆ ಸಾಕು, ಒಂದು ಚೂರನ್ನೂ ಒಲೆಗೆ ಹಾಕಬೇಡಿ. ಆ ಜಾಗದಲ್ಲಿ ಸಿಲ್ವರ್ ಓಕ್ ನೆಡುವ ಬದಲು ಇನ್ನೊಂದು ಬೀಟೆ ಸಸಿ ನೆಡುತ್ತೀರಾ? ಇದು ನನ್ನ ಸ್ವಂತ ಕೋರಿಕೆ.

ಪ್ರಶ್ನೆ: ಮಂಗಳೂರಿನ ಹವೆಗೆ ಪೂರ್ತಿ ಸಾಲಿಡ್ ಗಿಟಾರ್ ಒಗ್ಗುತ್ತದೆಯೇ? ಕೆಲಸಕ್ಕಾಗಿ ಬೆಂಗಳೂರಿಗೂ ಓಡಾಟವಿದೆ.
- ಓದುಗರು, ಮಂಗಳೂರು

ಉತ್ತರ: ಓಡಾಟವೇ ತೊಂದರೆ. ಕಳೆದ ಮಾರ್ಚಿನಲ್ಲಿ ಕರಾವಳಿಯಿಂದ ಬೆಂಗಳೂರಿಗೆ ಬಂದ ಬೀಟೆ ಬೆನ್ನಿನ ಗಿಟಾರೊಂದು ನನ್ನ ಮೇಜಿಗೆ ಬಂತು. ಒಳಗೆ ಪುಟ್ಟ ದೀಪ ಇಟ್ಟು ಕೋಣೆ ಕತ್ತಲು ಮಾಡಿದೆ. ಬೆನ್ನಿನ ಉದ್ದಕ್ಕೂ ಕೂದಲೆಳೆಯಂಥ ಬೆಳಕಿನ ಗೆರೆ. ತೇವ ಆರಿ ಹಲಗೆ ಅಡ್ಡಕ್ಕೆ ಕುಗ್ಗಿ ಬಿರಿದಿತ್ತು. ಒಳಗಿನಿಂದ ಅಡ್ಡಪಟ್ಟಿ ಅಂಟಿಸಿ ಉಳಿಸಿದೆ, ಆದರೆ ಗೆರೆ ಮಾಸಲಿಲ್ಲ. ಪದರದ ಬೆನ್ನಿನಲ್ಲಿ ಒಂದು ಪದರ ಕುಗ್ಗದಂತೆ ಇನ್ನೊಂದು ಹಿಡಿದಿರುತ್ತದೆ.

ನಿಮಗೆ ಸಾಲಿಡ್ ಮುಂಭಾಗ, ಪದರದ ಬೆನ್ನು ಸರಿ. ಪೆಟ್ಟಿಗೆಯೊಳಗೆ ಹೈಗ್ರೋಮೀಟರ್ ಇಡಿ, ತೇವಾಂಶ ಶೇ. 45ರಿಂದ 55ರ ಒಳಗಿರಲಿ. ಜುಲೈಯಲ್ಲಿ ಬ್ರಿಜ್ ಹಿಂದೆ ಹೊಟ್ಟೆ ಉಬ್ಬಿ ತಂತಿ ಎತ್ತರವಾದರೆ ತಂತಿ ಕೂರುವ ಸ್ಯಾಡಲ್ ಉಜ್ಜಿಸಲು ಓಡಬೇಡಿ. ಮಳೆ ಮುಗಿದ ಮೇಲೆ ಮತ್ತೆ ಅಳೆಯಿರಿ.